ಹಳೇ ಮನೆಯ ನಂಬರು

ಮನೆ ಬದಲಾಯಿಸಿ ಎರಡು ತಿಂಗಳಾಗಿದ್ದರೂ ಅತ್ತೆ ಹೊಸ ಮನೆಯನ್ನು ಮನೆ ಎಂದು ಕರೆದಿರಲಿಲ್ಲ. "ಇಲ್ಲಿ" ಎನ್ನುತ್ತಿದ್ದರು. ಇಲ್ಲಿ ನೀರು ಸಪ್ಪೆ, ಇಲ್ಲಿ ಬಟ್ಟೆ ಒಣಗಲ್ಲ, ಇಲ್ಲಿ ಪಕ್ಕದವರು ಸತ್ತರೂ ಗೊತ್ತಾಗಲ್ಲ. ಮನೆ ಅಂದರೆ ಹಳೇ ಅಂಚೆ ಕಚೇರಿ ಹಿಂಭಾಗದ ಹನ್ನೊಂದನೇ ನಂಬರು. ಮೂವತ್ತು ವರ್ಷ ಬಾಡಿಗೆಗಿದ್ದ ಆ ಮನೆಯನ್ನು ಮಾಲೀಕ ಮಾರಿದ್ದ. ಕೊಂಡವನು ಅದನ್ನು ಒಡೆದು ಅಂಗಡಿ ಸಾಲು ಕಟ್ಟಿಸುತ್ತಾನಂತೆ. ಇದರಲ್ಲಿ ಮನೆಯವರಲ್ಲಿ ಯಾರ ತಪ್ಪೂ ಇರಲಿಲ್ಲ. ಹಾಗಾಗಿ ಅತ್ತೆಯ ಸಿಟ್ಟಿಗೆ ಹೋಗಲು ಬೇರೆ ಜಾಗವಿಲ್ಲದೆ ಅದು ಅಡುಗೆಮನೆಗೂ ಹಜಾರಕ್ಕೂ ಓಡಾಡಿಕೊಂಡಿತ್ತು.

ಹೊಸದು ಮೂರನೇ ಮಹಡಿ. ಲಿಫ್ಟ್ ಇತ್ತು, ಮನಸ್ಸು ಬಂದ ದಿನ ಓಡುತ್ತಿತ್ತು. ಎರಡು ಕೋಣೆಯಲ್ಲಿ ಐದು ಜನ. ಮಾವ ದರ್ಜಿ, ಹಳೇ ಮನೆಯ ಮುಂದಿನ ಕೋಣೆಯೇ ಅವರ ಅಂಗಡಿಯಾಗಿತ್ತು. ಈಗ ಹೊಲಿಗೆ ಮೆಷಿನ್ನು ಹಜಾರದ ಮೂಲೆಯಲ್ಲಿ ಹಳೇ ಬೆಡ್‌ಶೀಟು ಹೊದ್ದು ಕೂತಿತ್ತು. ಮಗ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಸೊಸೆ ಆಂಬುಲೆನ್ಸು, ಬೆಂಕಿ, ಪೊಲೀಸು ಅಂತ ಜನ ಫೋನ್ ಮಾಡುವ ತುರ್ತು ಕಂಟ್ರೋಲ್ ರೂಮಿನಲ್ಲಿ ಕರೆ ತೆಗೆದುಕೊಳ್ಳುವವಳು. ಅವರ ಮಗಳು ಕಾಲೇಜಿನ ಮೊದಲನೇ ವರ್ಷ. ಎಲ್ಲರಿಗೂ ಅವಳು ಗುಬ್ಬಿ.

ಸಾಮಾನು ಸಾಗಿಸುವಾಗ ಅತ್ತೆ ಹಟ ಹಿಡಿದದ್ದು ಒಂದೇ ವಿಷಯಕ್ಕೆ, ಲ್ಯಾಂಡ್‌ಲೈನು.

"ನಮ್ಮ ನಾಲ್ವರ ಹತ್ರಾನೂ ಮೊಬೈಲ್ ಇದೆಯಲ್ಲಮ್ಮ, ಅದ್ಯಾಕೆ?" ಎಂದಿದ್ದ ಮಗ.

"ನನ್ನ ಅಕ್ಕತಂಗಿಯರಿಗೆಲ್ಲ ಆ ನಂಬರೇ ಗೊತ್ತಿರೋದು. ನಂಬರ್ ಬಿಟ್ರೆ ನಾನು ಇದ್ದೀನೋ ಹೋದ್ನೋ ಅಂತ ಯಾರಿಗೆ ಗೊತ್ತಾಗುತ್ತೆ?"

ಈಗಿನ ಫೋನು ಇಂಟರ್ನೆಟ್ಟಿನ ಡಬ್ಬಿಗೆ ಸಿಕ್ಕಿಸುವಂಥದ್ದು. ಡಬ್ಬಿ ಎಲ್ಲಿಗೆ ಹೋದರೆ ನಂಬರು ಅಲ್ಲಿಗೆ ಹೋಗುತ್ತದೆ. ಮಗ ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿ ತಂದು, ಇಲ್ಲಿನ ಗೋಡೆಗೆ ಸಿಕ್ಕಿಸಿದ. ದೊಡ್ಡ ಗುಂಡಿಗಳ ಕೆಂಪು ಫೋನು ಹಳೇ ಸ್ಟೂಲಿನ ಮೇಲೆ ಕೂತಿತು. ಅದು ಮೊದಲ ಸಲ ರಿಂಗಾದಾಗ ಅತ್ತೆಯ ಮುಖ ಸ್ವಲ್ಪ ಅರಳಿತು. ಆ ವಾರ ಅರಳಿದ್ದು ಅದೊಂದೇ ಸಲ.

"ಫೋನ್ ಕಂಪನಿಯವರಿಗೆ ಹೊಸ ವಿಳಾಸ ಕೊಟ್ಟುಬಿಡಿ, ಮರೀಬೇಡಿ" ಎಂದಳು ಸೊಸೆ.

"ನಾಳೆ" ಎಂದ ಗಂಡ.

ಸೊಸೆಯ ಕೆಲಸ ಕೇಳಲು ದೊಡ್ಡದು, ಮಾಡಲು ಬೇಜಾರಿನದು. ಕಿವಿಗೆ ಹೆಡ್‌ಫೋನು, ಎದುರಿಗೆ ನಕ್ಷೆ. ಯಾರಾದರೂ ಮೊಬೈಲಿನಿಂದ ಕರೆ ಮಾಡಿದರೆ ನಕ್ಷೆಯ ಮೇಲೆ ಒಂದು ವೃತ್ತ ಮೂಡುತ್ತದೆ. ಫೋನಿನಲ್ಲಿ ಲೊಕೇಶನ್ ಆನ್ ಇದ್ದರೆ ಬಿಲ್ಲೆಯಷ್ಟು ಚಿಕ್ಕದು, ಇಲ್ಲದಿದ್ದರೆ ಇಡೀ ಬಡಾವಣೆಯನ್ನೇ ನುಂಗಿದಷ್ಟು ದೊಡ್ಡದು. ಲ್ಯಾಂಡ್‌ಲೈನಿನ ಕರೆಗಾದರೆ ವೃತ್ತದ ಗೊಡವೆಯೇ ಇಲ್ಲ. ಮನೆ ನಂಬರಿನ ಸಮೇತ ವಿಳಾಸ ಬರೆದು ಬರುತ್ತದೆ. ಅಂಥ ಕರೆ ಬಂದರೆ ಅಲ್ಲಿನವರಿಗೆ ನೆಮ್ಮದಿ.

ಒಂದು ದಿನ ಮಧ್ಯಾಹ್ನದ ಪಾಳಿಯಲ್ಲಿ ಒಬ್ಬ ಹೆಂಗಸು ಫೋನ್ ಮಾಡಿದಳು. ಅವಳಿಗೆ ಉಸಿರಾಡಲು ಆಗುತ್ತಿರಲಿಲ್ಲ, ವಿಳಾಸ ಹೇಳಲು ಆಗಲಿಲ್ಲ. ವೃತ್ತ ಊರಗಲ ಇತ್ತು. ಗಾಡಿ ಬೀದಿ ಬೀದಿ ಸುತ್ತಿ ಅವಳನ್ನು ಹುಡುಕುವಷ್ಟರಲ್ಲಿ ಹುಡುಕಿ ಪ್ರಯೋಜನವಿರಲಿಲ್ಲ. ಸೊಸೆ ಮನೆಗೆ ಬಂದವಳೇ ಚಪ್ಪಲಿ ಬಿಡುವ ಮೊದಲು ಕೈಚಾಚಿದಳು.

"ಎಲ್ಲರೂ ಫೋನ್ ಕೊಡಿ."

ಅತ್ತೆಗೆ ಮೊಬೈಲೇ ಇರಲಿಲ್ಲ. ಗುಬ್ಬಿ ಕೊಟ್ಟಳು. ಗಂಡ ಗೊಣಗುತ್ತಾ ಕೊಟ್ಟ. ಮಾವ ಮಾತ್ರ ಫೋನನ್ನು ಅಂಗಿಯ ಜೇಬಿಗೆ ಇಳಿಸಿ ಮೇಲೆ ಕೈಯಿಟ್ಟುಕೊಂಡರು.

"ನಾನೇನು ತಪ್ಪಿಸಿಕೊಂಡು ಹೋಗೋ ಹಸುವೇನಮ್ಮ, ಕೊರಳಿಗೆ ಗಂಟೆ ಕಟ್ಟೋಕೆ?"

"ನಿಮಗೆ ಬಿ.ಪಿ. ಇದೆ ಮಾವ. ದಾರೀಲಿ ಎಲ್ಲಾದ್ರೂ ತಲೆ ತಿರುಗಿದ್ರೆ?"

"ತಿರುಗಿದ್ರೆ ಕೂತ್ಕೊಳ್ತೀನಿ."

"ಕೊಡೋ ಅಜ್ಜ, ಸುಮ್ನೆ ಆಟ ಆಡ್ಬೇಡ" ಎಂದು ಗುಬ್ಬಿ ಜೇಬಿಗೇ ಕೈಹಾಕಿದಳು. ಅವಳಿಗೆ ಆ ಮನೆಯಲ್ಲಿ ಎಲ್ಲ ಮಾಫಿ.

ಎಲ್ಲರ ಫೋನಿನಲ್ಲೂ ಲೊಕೇಶನ್ ಆನ್ ಆಯಿತು. ಯಾರು ಎಲ್ಲಿದ್ದಾರೆಂದು ನಾಲ್ವರೂ ಒಬ್ಬರಿಗೊಬ್ಬರು ಕಾಣುವ ಹಾಗೂ ಮಾಡಿಟ್ಟಳು ಗುಬ್ಬಿ. ಮಾವ ಮರುದಿನವೇ ಆಫ್ ಮಾಡಿದರು, ಬ್ಯಾಟರಿ ತಿನ್ನುತ್ತದಂತೆ. ಸೊಸೆ ಆನ್ ಮಾಡಿದಳು. ಅವರು ಆಫ್ ಮಾಡಿದರು. ಊಟಕ್ಕೆ ಕೂತಾಗಲೆಲ್ಲ ಇದೇ ರಗಳೆ. ಬೇಳೆಗೆ ಉಪ್ಪು ಕಡಿಮೆಯಾದದ್ದನ್ನೂ ಯಾರೂ ಹೇಳದಷ್ಟು ರಗಳೆ. ಕಡೆಗೆ ಮಾವ ಸೋತರು. ಸೋತ ಮೂರನೇ ದಿನ ಅವರು ಆಫ್ ಮಾಡುತ್ತಿದ್ದ ಕಾರಣ ಬಯಲಾಯಿತು.

"ಅಜ್ಜ ಪಾರ್ಕಿಗೆ ವಾಕಿಂಗ್ ಹೋಗಿದ್ದಾರೆ ಅಂದ್ರಲ್ಲ ಅಜ್ಜಿ" ಎಂದು ಗುಬ್ಬಿ ಫೋನ್ ತೋರಿಸಿದಳು. "ನೋಡಿಲ್ಲಿ. ಹಳೇ ಬೀದೀಲಿದ್ದಾರೆ. ಗಂಟೆಯಿಂದ ಅಲ್ಲೇ ಇದ್ದಾರೆ."

ಮಾವ ಎರಡು ಬಸ್ ಬದಲಾಯಿಸಿ ಹಳೇ ಬೀದಿಗೆ ಹೋಗಿ, ಅಲ್ಲಿನ ಕ್ಷೌರದಂಗಡಿಯಲ್ಲಿ ಪೇಪರ್ ಓದಿಕೊಂಡು ಕೂತಿರುತ್ತಿದ್ದರು. ಕೇಳಿದರೆ ಜೇಬಿನಿಂದ ಫೋನಿನ ಬಿಲ್ಲು ತೆಗೆದು ತೋರಿಸಿದರು. ಬಿಲ್ಲು ಈಗಲೂ ಹಳೇ ವಿಳಾಸಕ್ಕೆ ಬರುತ್ತಿತ್ತು, ಕ್ಷೌರಿಕ ಎತ್ತಿಡುತ್ತಿದ್ದ. "ಯಾರಾದ್ರೂ ಹೋಗಿ ತರಬೇಕಲ್ಲಪ್ಪ?"

"ಬಿಲ್ಲು ತಿಂಗಳಿಗೊಂದು ಬರೋದು ಅಪ್ಪ" ಎಂದ ಮಗ.

"ಬಂದಿದ್ಯೋ ಇಲ್ವೋ ನೋಡ್ಬೇಕಲ್ಲ."

ಅತ್ತೆಗೆ ನಗು ಬಂತು. ಮಾವ ಹೊರಗೆ ಹೋದಾಗ ಮಗನನ್ನು ಕರೆದು ಹೇಳಿದರು: "ಆ ವಿಳಾಸ ಬದಲಾಯಿಸೋಕೆ ಹೋಗ್ಬೇಡ ಕಣೋ. ಬಿಲ್ಲಿನ ನೆಪದಲ್ಲಾದ್ರೂ ಅವರು ನಾಲ್ಕು ಜನರ ಮುಖ ನೋಡಿ ಬರಲಿ. ಇಲ್ಲಿ ಕೂತು ಏನು ಗೋಡೆ ನೋಡ್ಬೇಕಾ?"

ಸೊಸೆ ಪಾತ್ರೆ ಒರೆಸುತ್ತಾ ಕೇಳಿಸಿಕೊಂಡಳು. ಬಿಲ್ಲಿನ ವಿಳಾಸವೇ ಕಂಟ್ರೋಲ್ ರೂಮಿನ ಪರದೆಗೂ ಬರುವುದು ಎಂದು ಆ ಮನೆಯಲ್ಲಿ ಗೊತ್ತಿದ್ದವಳು ಅವಳೊಬ್ಬಳೇ. ಹೇಳಬೇಕೆಂದು ಬಾಯಿ ತೆರೆದಳು. ಆಗಲೇ ಕುಕ್ಕರ್ ಕೂಗಿತು, ಗುಬ್ಬಿ ಇಸ್ತ್ರಿ ಎಲ್ಲಿ ಎಂದು ಕೇಳಿದಳು. ಮನೆಯಲ್ಲಿ ನಾಲ್ಕು ಮೊಬೈಲ್ ಇವೆ, ಎಲ್ಲದರಲ್ಲೂ ಲೊಕೇಶನ್ ಇದೆ, ಮುಂದಿನ ತಿಂಗಳು ನೋಡೋಣ ಎಂದುಕೊಂಡಳು. ಮಾವ ಹಳೇ ಬೀದಿಯಿಂದ ಬಂದ ದಿನ ಒಂದು ರೊಟ್ಟಿ ಹೆಚ್ಚಿಗೆ ತಿನ್ನುತ್ತಿದ್ದುದನ್ನು ಅವಳೂ ನೋಡಿದ್ದಳು.

ಮಾವ ಬಿದ್ದದ್ದು ಒಂದು ಬೆಳಿಗ್ಗೆ. ಮಗ ಡಿಪೋಗೆ ಹೋಗಿದ್ದ, ಗುಬ್ಬಿ ಕಾಲೇಜಿಗೆ, ಸೊಸೆ ಪಾಳಿಗೆ. ಅತ್ತೆ ಹಜಾರದಲ್ಲಿ ಸೊಪ್ಪು ಬಿಡಿಸುತ್ತಿದ್ದರು. ಮಾವ ಚಹಾದ ಲೋಟ ತೆಗೆದುಕೊಳ್ಳಲು ಹೋದರು. ಲೋಟ ಕೈಯಲ್ಲಿ ನಿಲ್ಲಲಿಲ್ಲ, ಆಮೇಲೆ ಕಾಲೂ ನಿಲ್ಲಲಿಲ್ಲ. ಬಾಯಿ ಒಂದು ಕಡೆಗೆ ವಾಲಿತು. ಅವರ ಮೊಬೈಲು ಒಳಗೆ ಚಾರ್ಜಿಗೆ ಹಾಕಿತ್ತು. ಅತ್ತೆ ಅದರ ಕಡೆ ನೋಡಲೂ ಇಲ್ಲ. ಮೂವತ್ತು ವರ್ಷ ಕಷ್ಟಸುಖಕ್ಕೆಲ್ಲ ಕೈಚಾಚಿದ ಲ್ಯಾಂಡ್‌ಲೈನಿನ ಕಡೆಗೇ ಕೈಚಾಚಿದರು.

ಕಂಟ್ರೋಲ್ ರೂಮಿನಲ್ಲಿ ಆಗ ಸೊಸೆ ಬೇರೆ ಕರೆಯಲ್ಲಿದ್ದಳು. ಯಾರೋ ಇಬ್ಬರು ಕಾರು ಗುದ್ದಿಸಿಕೊಂಡು, ಪೆಟ್ಟಾದದ್ದು ಬಿಟ್ಟು ತಪ್ಪು ಯಾರದೆಂದು ಅವಳಿಗೆ ವಿವರಿಸುತ್ತಿದ್ದರು. ಅದು ಮುಗಿಸಿ ಹೆಡ್‌ಫೋನು ಕೆಳಗಿಳಿಸಿದಾಗ ಪಕ್ಕದ ಮೇಜಿನ ಹುಡುಗಿ ಮೇಲ್ವಿಚಾರಕರ ಕಡೆ ತಿರುಗಿ ಹೇಳುತ್ತಿದ್ದಳು.

"ಗಾಡಿಯವರು ಹೇಳ್ತಿದ್ದಾರೆ ಸರ್, ಅಲ್ಲಿ ಮನೇನೇ ಇಲ್ವಂತೆ. ಗೋಡೆ ಒಡೀತಿದ್ದಾರಂತೆ. ಕೂಲಿಯವರು ಬಿಟ್ರೆ ಯಾರೂ ಇಲ್ವಂತೆ. ಇಲ್ಲಿ ನೋಡಿದ್ರೆ ಲೈನ್ ಇನ್ನೂ ಓಪನ್ ಇದೆ."

"ವಿಳಾಸ ಇನ್ನೊಂದ್ಸಲ ಓದು."

"ಹನ್ನೊಂದು, ಹಳೇ ಅಂಚೆ ಕಚೇರಿ ಹಿಂಭಾಗ."

ಸೊಸೆ ಎದ್ದು ನಿಂತಳು.  ಹುಡುಗಿಯ ತಲೆಯಿಂದ ಹೆಡ್‌ಫೋನು ಕಿತ್ತು ಕಿವಿಗಿಟ್ಟುಕೊಂಡಳು. ಅತ್ತೆ ರಿಸೀವರನ್ನು ಸ್ಟೂಲಿನ ಮೇಲೆ ಇಟ್ಟು ಮಾವನ ಪಕ್ಕ ಕೂತಿರಬೇಕು. ದೂರದಿಂದ ಮಾತು ಕೇಳುತ್ತಿತ್ತು. "ಬರ್ತಾರೆ ರೀ. ವಿಳಾಸ ಎಲ್ಲಾ ಗೊತ್ತು ಅವರಿಗೆ. ಅವರೇ ಹೇಳಿದ್ರು. ಇನ್ನೇನು ಬಂದ್ರು."

"ಅತ್ತೆ" ಎಂದಳು ಸೊಸೆ. ಮತ್ತೆ ಕೂಗಿದಳು. ಸ್ಟೂಲಿನ ಮೇಲಿನ ರಿಸೀವರಿನ ದನಿ ಅಲ್ಲಿಗೆ ಮುಟ್ಟಲಿಲ್ಲ.

ಹೊಸ ವಿಳಾಸ ಹೇಳಿದಳು, ಬ್ಲಾಕು ಹೇಳಿದಳು, ಲಿಫ್ಟ್ ನಂಬಬೇಡಿ ಎಂದಳು. ಊರಿನ ಆ ತುದಿಯಲ್ಲಿದ್ದ ಗಾಡಿ ಈ ತುದಿಗೆ ತಿರುಗಿತು. ಅವಳ ಮೊಬೈಲಿನಲ್ಲಿ ಮಾವನ ಚುಕ್ಕೆ ಕರಾರುವಾಕ್ಕಾಗಿ ಮನೆಯ ಮೇಲೆಯೇ ಕೂತಿತ್ತು. ಅಷ್ಟು ಜಗಳವಾಡಿ ಹಾಕಿಸಿದ ಚುಕ್ಕೆ.

ಮಾವ ಉಳಿದರು. ಬಲಗೈ ಉಳಿಯಲಿಲ್ಲ, ಮಾತು ಅರ್ಧ ಪದದಲ್ಲೇ ನಿಲ್ಲುವಂತಾಯಿತು. "ಇನ್ನು ಸ್ವಲ್ಪ ಬೇಗ ಬಂದಿದ್ದರೆ" ಎಂದರು ಆಸ್ಪತ್ರೆಯ ಡಾಕ್ಟರು. ಅವರು ಅದನ್ನು ದಿನಕ್ಕೆ ಹತ್ತು ಜನಕ್ಕೆ ಹೇಳುವವರು, ಹೇಳಿ ಮುಂದಿನ ಮಂಚಕ್ಕೆ ಹೋದರು. ಆ ಮಾತು ಮಾತ್ರ ಇವರ ಜೊತೆ ಮನೆಗೆ ಬಂತು.

ಕಂಟ್ರೋಲ್ ರೂಮಿನ ವಿಚಾರಣೆಯ ದಿನ ಮೇಲ್ವಿಚಾರಕರು ಸೊಸೆಯನ್ನು ಕೂರಿಸಿ ಧ್ವನಿಮುದ್ರಣ ಕೇಳಿಸಿದರು. ಅತ್ತೆ ಅಳುತ್ತಿದ್ದರು. ಹುಡುಗಿ ಎರಡು ಸಲ ವಿಳಾಸ ಕೇಳಿದಳು, ಅಳುವಷ್ಟೇ ಉತ್ತರ. ಆಗ ಅವಳು ಪರದೆ ನೋಡಿ ಓದಿದಳು: "ಹನ್ನೊಂದು, ಹಳೇ ಅಂಚೆ ಕಚೇರಿ ಹಿಂಭಾಗ, ಅಲ್ವಾ ಅಮ್ಮ?"

"ಹೌದಮ್ಮ" ಎಂದಿತು ಅತ್ತೆಯ ದನಿ. "ಅದೇ ನಮ್ಮ ಮನೆ. ಬೇಗ ಬನ್ನಿ."

"ವಿಳಾಸ ಕೇಳಬೇಕು, ಓದಿ ಹೇಳಬಾರದು. ನಿಮಗೂ ಗೊತ್ತಲ್ಲ" ಎಂದರು ಮೇಲ್ವಿಚಾರಕರು. ಸೊಸೆ ತಲೆಯಾಡಿಸಿದಳು. ದಣಿದ ದಿನಗಳಲ್ಲಿ ಅವಳೂ ಓದಿ ಹೇಳಿದ್ದಳು. ಆ ಹುಡುಗಿಯ ಮೇಲೆ ಸಿಟ್ಟು ಮಾಡಿಕೊಳ್ಳಲು ಅವಳಿಂದ ಆಗಲಿಲ್ಲ.

ಮನೆಗೆ ಬಂದಾಗ ಗಂಡ ಬಾಗಿಲಲ್ಲೇ ಕೇಳಿದ. "ಏನಂತೆ? ಯಾರ ತಪ್ಪಂತೆ?"

ಹಜಾರದಲ್ಲಿ ಅತ್ತೆ ಮಾವನಿಗೆ ಗಂಜಿ ಕುಡಿಸುತ್ತಿದ್ದರು. ಚಮಚ ಅರ್ಧದಲ್ಲಿ ನಿಂತಿತು. ಅವರು ತಿರುಗಿ ನೋಡಲಿಲ್ಲ.

"ನಮ್ಮ ದಾಖಲೆಯಲ್ಲಿ ಹಳೇ ವಿಳಾಸ ಇತ್ತು. ನಾನು ನೋಡಿ ಬದಲಾಯಿಸ್ಬೇಕಿತ್ತು" ಎಂದಳು ಸೊಸೆ. ಅಷ್ಟೇ ಹೇಳಿದಳು. ಚಮಚ ಮತ್ತೆ ಚಲಿಸಿತು.

ಅಲ್ಲಿಂದ ಶುರುವಾಯಿತು. ಗಂಡ ಕೆಟ್ಟವನಲ್ಲ, ಬೆಳಿಗ್ಗೆ ಎದ್ದು ಅಪ್ಪನ ಮೈ ಒರೆಸಿ, ಒದ್ದೆ ಬಟ್ಟೆ ಒಗೆದು, ಗ್ರೀಸು ಮೆತ್ತಿದ ಅಂಗಿ ಹಾಕಿಕೊಂಡು ಡಿಪೋಗೆ ಹೋಗುತ್ತಿದ್ದ. ತನ್ನ "ನಾಳೆ" ಅವನಿಗೆ ನೆನಪಿತ್ತು. ಅದಕ್ಕೇ ಇರಬೇಕು, ಹೆಂಡತಿಯ ತಪ್ಪನ್ನು ದಿನಕ್ಕೊಮ್ಮೆ ಒರೆಸಿ ಹೊಳಪು ಕೊಡುತ್ತಿದ್ದ.

"ಊರವರಿಗೆಲ್ಲ ಗಾಡಿ ಕಳಿಸ್ತೀಯ. ಮನೆಗೊಂದು ಕಳಿಸೋಕಾಗ್ಲಿಲ್ಲ."

ಅವಳು ಮಾವನ ಗುಳಿಗೆ ಎಣಿಸಿಡುತ್ತಿದ್ದಳು. ಅತ್ತೆ ಕೇಳಿಸಿಕೊಂಡು ಕೂತಿರುತ್ತಿದ್ದರು. ಒಂದು ಮಧ್ಯಾಹ್ನ ಮಾತ್ರ, ಬಟ್ಟೆ ಮಡಚುತ್ತಾ, ಬೇರೆಲ್ಲೋ ನೋಡಿಕೊಂಡು ಕೇಳಿದರು.

"ನಿಮ್ಮ ಆಫೀಸಲ್ಲಿ ನಾವಾಡಿದ್ದೆಲ್ಲ ರೆಕಾರ್ಡ್ ಆಗಿರುತ್ತಂತೆ, ಹೌದಾ?"

"ಆಗಿರುತ್ತೆ ಅತ್ತೆ."

"ನೀನು ಕೇಳಿದ್ಯಾ?"

"ಸರಿಯಾಗಿ ಕೇಳಿಸ್ಲಿಲ್ಲ. ಅಳು ಜಾಸ್ತಿ ಇತ್ತು."

ಅತ್ತೆ ಒಂದೇ ಟವೆಲನ್ನು ಮೂರು ಸಲ ಬಿಚ್ಚಿ ಮಡಚಿದರು. ಆಮೇಲೆ ಎದ್ದು ಸ್ಟೂಲಿನ ಮೇಲಿನ ಕೆಂಪು ಫೋನಿನ ಧೂಳು ಒರೆಸಿ, ಅದರ ಮೇಲೊಂದು ಬಟ್ಟೆ ಮುಚ್ಚಿದರು. ಅದು ರಿಂಗಾದರೂ ಎತ್ತುತ್ತಿರಲಿಲ್ಲ.

ಸೊಸೆಯ ರಜೆ ಮುಗಿಯುತ್ತಾ ಬಂತು. ಮಾವನನ್ನು ಕೂರಿಸಬೇಕು, ಮಲಗಿಸಬೇಕು, ಕೈಗೆ ವ್ಯಾಯಾಮ ಮಾಡಿಸಬೇಕು. ಆಳು ಇಡುವ ಯೋಗ್ಯತೆ ಆ ಮನೆಗೆ ಇರಲಿಲ್ಲ. ಯಾರು ಕೆಲಸ ಬಿಡಬೇಕು ಎಂಬ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ, ಏಕೆಂದರೆ ಉತ್ತರ ಎಲ್ಲರಿಗೂ ಮೊದಲೇ ಗೊತ್ತಿತ್ತು. ಗುಬ್ಬಿಯೊಬ್ಬಳು ತಾಯಿಯನ್ನು ಅಡುಗೆಮನೆಯಲ್ಲಿ ಹಿಡಿದು ನಿಲ್ಲಿಸಿದಳು.

"ನಿಂಗೆ ಬಿಡೋಕೆ ಇಷ್ಟಾನಾ ಅಮ್ಮ?"

"ಇಷ್ಟ ಕಷ್ಟ ಅಂತ ಕೂತ್ರೆ ಆಗುತ್ತಾ. ಆ ಈರುಳ್ಳಿ ಕೊಡಿಲ್ಲಿ."

"ಹೇಳು."

"ಇಲ್ಲ. ಇಷ್ಟ ಇಲ್ಲ" ಎಂದಳು. ಹನ್ನೆರಡು ವರ್ಷ ಆ ಕುರ್ಚಿಯಲ್ಲಿ ಕೂತವಳು. ಬೈಸಿಕೊಂಡಿದ್ದಳು, ಅತ್ತಿದ್ದಳು, ಒಂದು ಮಗು ಹುಟ್ಟುವ ತನಕ ಗಾಬರಿಬಿದ್ದ ತಂದೆಯೊಬ್ಬನಿಗೆ ಫೋನಿನಲ್ಲೇ ದಾರಿ ಹೇಳಿಕೊಟ್ಟಿದ್ದಳು. ಅವಳಿಗೆ ತನ್ನದು ಅಂತ ಇದ್ದದ್ದು ಅದೊಂದೇ. ಈರುಳ್ಳಿ ಹೆಚ್ಚುತ್ತಿದ್ದದ್ದು ಅನುಕೂಲವಾಯಿತು.

ಆ ದಿನದ ಊಟಕ್ಕೆ ಅನ್ನ, ಬೇಳೆ, ಬೆಳಗಿನ ಪಲ್ಯದ ಉಳಿಕೆ. ಮಾವನನ್ನು ದಿಂಬಿಗೆ ಒರಗಿಸಿ ಕೂರಿಸಿದ್ದರು. ಗಂಡ ತಟ್ಟೆಗೆ ಕೈ ಹಾಕಿ ಹೇಳಿದ.

"ಸೋಮವಾರ ಹೋಗಿ ರಾಜೀನಾಮೆ ಕೊಟ್ಟು ಬಂದುಬಿಡು. ಹೇಗೂ ಆ ಕೆಲಸದಿಂದ ಈ ಮನೆಗೆ ಆದದ್ದು ಕಣ್ಣಿಗೆ ಕಾಣ್ತಾ ಇದೆ."

"ಆಯ್ತು" ಎಂದಳು ಸೊಸೆ.

ಅತ್ತೆ ಅನ್ನದ ಸೌಟನ್ನು ಪಾತ್ರೆಯೊಳಗೆ ಇಟ್ಟರು. ನಿಧಾನವಾಗಿಯೇ ಇಟ್ಟರು, ಆದರೂ ಎಲ್ಲರೂ ಕತ್ತೆತ್ತಿದರು.

"ಹೌದು ಅಂದವಳು ನಾನು" ಎಂದರು.

"ಏನಮ್ಮ?"

"ಆ ಹುಡುಗಿ ಹಳೇ ಮನೆ ವಿಳಾಸ ಓದಿದ್ಲು. ಇದೇನಾ ಅಂತ ಕೇಳಿದ್ಲು. ನಾನು ಹೌದು, ಅದೇ ನಮ್ಮ ಮನೆ ಅಂದೆ. ಬಾಯಿ ತಪ್ಪಿ ಅಲ್ಲ. ನನಗೆ ಆವಾಗ ಮನೆ ಅಂದ್ರೆ ಅದೇ ನೆನಪಿಗೆ ಬಂತು. ಇವರು ಇಲ್ಲಿ ಬಿದ್ದಿದ್ದಾರೆ, ನಾನು ಗಾಡೀನ ಇಟ್ಟಿಗೆ ರಾಶಿಗೆ ಕಳಿಸ್ದೆ."

 ಮಾವ ಎಡಗೈಯನ್ನು ಸ್ವಲ್ಪ ಎತ್ತಿ ಕೆಳಗಿಟ್ಟರು.

"ವಿಳಾಸ ಬದಲಾಯಿಸ್ಬೇಡ ಅಂದವಳೂ ನಾನೇ. ಬದಲಾಯಿಸಿ ಅಂತ ಇವಳು ನಿನಗೆ ಹೇಳಿದ್ದು ನನ್ನ ಕಿವಿ ಕೇಳಿದೆ. ಇಷ್ಟು ವಾರ ಇವಳು ಬೈಸಿಕೊಳ್ಳೋದನ್ನ ನೋಡ್ಕೊಂಡು ಕೂತಿದ್ದೆ. ಹೇಳಿದ್ರೆ ನೀನು ನನ್ನ ಮುಖ ನೋಡಲ್ಲ ಅಂತ ಹೆದರಿಕೆ ಆಯ್ತು." ಸೊಸೆಯ ಕಡೆ ತಿರುಗಿದರು. "ನಿನಗೆ ಗೊತ್ತಿತ್ತಲ್ಲ."

"ಗೊತ್ತಿತ್ತು ಅತ್ತೆ."

"ಮತ್ಯಾಕೆ ಹೇಳ್ಲಿಲ್ಲ?"

"ಹೇಳಿ ಏನಾಗ್ಬೇಕಿತ್ತು" ಎಂದಳು ಸೊಸೆ. "ಬಿಲ್ಲಿನ ವಿಳಾಸವೇ ನಮ್ಮಲ್ಲಿಗೂ ಬರುತ್ತೆ ಅಂತ ನನಗೆ ಗೊತ್ತಿತ್ತು. ನಾನೂ ಸುಮ್ನಿದ್ದೆ."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಸೌಟು ಎತ್ತಿಕೊಂಡರು. "ಕೆಲಸ ಬಿಡೋದು ಬೇಡ. ಬೆಳಿಗ್ಗೆ ಇವನು ಸ್ನಾನ ಮಾಡಿಸಲಿ, ಸಂಜೆ ಗುಬ್ಬಿ ಇರ್ತಾಳೆ, ಹಗಲೆಲ್ಲ ನಾನಿದ್ದೀನಿ. ಕೂತು ಸೊಪ್ಪು ಬಿಡಿಸೋದು ಬಿಟ್ರೆ ನನಗೇನು ಕಡಿದು ಹಾಕೋ ಕೆಲಸ ಇದೆ. ಯಾರಿಗೆ ಅನ್ನ?"

ಮಗ ಅನ್ನ ಬೇಡವೆಂದ. ತನ್ನ ತಟ್ಟೆಯನ್ನು ತಾನೇ ತೊಳೆದ, ಆಮೇಲೆ ಉಳಿದವರದ್ದನ್ನೂ ತೊಳೆದ. ಕ್ಷಮೆ ಕೇಳುವ ಅಭ್ಯಾಸ ಅವನಿಗಿರಲಿಲ್ಲ. ಮರುದಿನ ಡಿಪೋಗೆ ಹೊರಡುವ ಮೊದಲು ಫೋನ್ ಕಂಪನಿಗೆ ಕರೆ ಮಾಡಿ, ಅವರು ಹಾಕಿದ ಹಾಡನ್ನೆಲ್ಲ ನಿಂತುಕೊಂಡೇ ಕೇಳಿ, ಹೊಸ ವಿಳಾಸವನ್ನು ಅಕ್ಷರ ಬಿಡಿಸಿ ಬಿಡಿಸಿ ಹೇಳಿದ. ಹೇಳಿ ಮುಗಿಸಿ ಹೆಂಡತಿಯ ಕಡೆ ನೋಡಿದ. ಅವಳು ಅವನ ಊಟದ ಡಬ್ಬಿಗೆ ಮುಚ್ಚಳ ಹಾಕಿ ಕೊಟ್ಟಳು.

ಸೋಮವಾರ ಸೊಸೆ ಪಾಳಿಗೆ ಹೊರಟಳು. ಅತ್ತೆ ಮಾವನ ಮಂಚದ ಪಕ್ಕ ಕೂತಿದ್ದರು. ದಿನವೂ ನಾಲ್ಕು ಮಾತು ಹೇಳಿಸಿ, ಬಳಕೆಯ ಮಾತೇ ಇರಲಿ ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಕೆಂಪು ಫೋನಿನ ಮೇಲಿನ ಬಟ್ಟೆ ತೆಗೆದಿತ್ತು.

"ಹೋಗೋಕೆ ಮುಂಚೆ ನನ್ನ ಒಂದ್ಸಲ ಕೇಳು" ಎಂದರು ಅತ್ತೆ. "ನಿಮ್ಮ ಆಫೀಸಲ್ಲಿ ಕೇಳೋ ಹಾಗೇ ಕೇಳು."

ಸೊಸೆ ಬ್ಯಾಗು ಹೆಗಲಿಗೇರಿಸಿಕೊಂಡೇ ಕೇಳಿದಳು. "ಎಲ್ಲಿಂದ ಮಾತಾಡ್ತಿದ್ದೀರಿ ಅಮ್ಮ?"

"ನೀರಿನ ಟ್ಯಾಂಕ್ ಎದುರು. ಎ ಬ್ಲಾಕ್. ಅಲ್ಲ, ಬಿ. ಬಿ ಬ್ಲಾಕ್. ಮೂರನೇ ಮಹಡಿ, ಮೂವತ್ತೆರಡು." ಅತ್ತೆ ಉಸಿರು ಬಿಟ್ಟರು. "ಸರಿಯಾ?"

"ಸರಿ ಅತ್ತೆ."

ಮಂಚದ ಮೇಲಿಂದ ಮಾವ ಬಾಯಿ ತೆರೆದರು. ಸರಿಯಾಗಿದ್ದ ಅರ್ಧ ತುಟಿಯಿಂದ, ಬಹಳ ಕಷ್ಟಪಟ್ಟು, ಅವರಿಗೂ ಉತ್ತರ ಗೊತ್ತೆಂಬ ಹಾಗೆ ಹೇಳಿದರು: "ಹ... ಹನ್ನೊಂದು."

ಬಿದ್ದ ಮೇಲೆ ಅವರು ಪೂರ್ತಿಯಾಗಿ ಆಡಿದ ಮೊದಲ ಪದ ಅದು. ಸೊಸೆ ಬಾಗಿಲ ಹತ್ತಿರವೇ ನಿಂತಳು.  ಅತ್ತೆ ಗಂಡನ ಸತ್ತ ಬಲಗೈಯನ್ನು ಎತ್ತಿ ತಮ್ಮ ಮಡಿಲಲ್ಲಿ ಇಟ್ಟುಕೊಂಡರು.

"ಅಲ್ಲ ರೀ" ಎಂದರು. "ಅದನ್ನ ಒಡೆದು ಹಾಕಿದ್ರು. ಇದೇ ನಮ್ಮ ಮನೆ. ಹೇಳಿ, ಮೂವತ್ತೆರಡು."